ನಿಮಗಿದು ಗೊತ್ತೇ? ತಾಳ ತಪ್ಪಿದ ಹೃದಯಕ್ಕೆ ಬಿಸಿಯೋ, ಹಿಮವೋ

◆ ‘ಇದ್ದಕ್ಕಿದ್ದಂಗೆ ಎದೆ ದಡದಡ ಹೊಡ್ಕೊಳ್ತದೆ ಕಣಕ್ಕ, ಒಂದು ಗಳಿಗೆ ಕೂತ್ರೆ ಸರಿಹೋಯ್ತದೆ’ ಎನ್ನುವವರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳಲ್ಲಿ ಸಿಗುತ್ತಲೇ ಇರುತ್ತಾರೆ. ಅದನ್ನು ಗ್ಯಾಸ್ಟ್ರಿಕ್ ಅನ್ನುವವರಿದ್ದಾರೆ, ರಕ್ತ ಕಡಿಮೆ ಅನ್ನುವವರಿದ್ದಾರೆ, ದೃಷ್ಟಿ ತೆಗೆಯುವವರೂ ಇದ್ದಾರೆ. ಆದರೆ ಇವರಲ್ಲಿ ಕೆಲವರ ಹೃದಯದಲ್ಲಿ ಒಂದು ಹೆಚ್ಚುವರಿ ವಿದ್ಯುತ್ ದಾರಿ ಇರುತ್ತದೆ. ತೊಡೆಸಂದಿಯ ರಕ್ತನಾಳದಿಂದ ತೆಳು ತಂತಿ ಕಳಿಸಿ, ಎದೆ ಕೊಯ್ಯದೆ, ಆ ದಾರಿಯನ್ನು ಶಾಶ್ವತವಾಗಿ ಮುಚ್ಚಬಹುದು ಎಂಬುದು ನಿಮಗೆ ಗೊತ್ತೇ? ಅಬ್ಲೇಶನ್ ಎನ್ನುವ ಈ ಕೆಲಸಕ್ಕೆ ಎರಡು ಹಳೆಯ ಉಪಾಯಗಳಿವೆ: ಒಂದು ಸುಡುವುದು, ಇನ್ನೊಂದು ಹೆಪ್ಪುಗಟ್ಟಿಸುವುದು.

◆ ಹೃದಯ ದಿನಕ್ಕೆ ಸುಮಾರು 1 ಲಕ್ಷ ಬಾರಿ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಮೊದಲು ಮೇಲಿನ ಕೋಣೆಯಿಂದ ಒಂದು ವಿದ್ಯುತ್ ಅಲೆ ಹೊರಟು, ನಡುವಿನ ಎವಿ ನೋಡ್ ಎಂಬ ಒಂದೇ ಬಾಗಿಲಿನ ಮೂಲಕ ಕೆಳಗಿನ ಕೋಣೆಗಳಿಗೆ ಇಳಿಯಬೇಕು. ಎಲ್ಲೋ ಅಡ್ಡದಾರಿಯೊಂದಿದ್ದರೆ ಅಲೆ ಇಳಿದ ಕಡೆಯಿಂದಲೇ ಮೇಲೆ ಹತ್ತಿ ಸುತ್ತು ಹೊಡೆಯಲು ತೊಡಗುತ್ತದೆ. ಬಡಿತ ಒಮ್ಮೆಲೇ 150, 180, 200 ದಾಟುತ್ತದೆ. ಸುತ್ತು ಕಡಿದ ಕ್ಷಣ, ಸ್ವಿಚ್ ಆರಿಸಿದ ಹಾಗೆ ನಿಂತುಬಿಡುತ್ತದೆ. ಹೀಗೆ ಥಟ್ಟನೆ ಹತ್ತಿ ಥಟ್ಟನೆ ಇಳಿಯುವುದೇ ಎಸ್‌ವಿಟಿ ಎಂಬ ಕಾಯಿಲೆಯ ಗುರುತು. ಗಾಬರಿಯಿಂದ ಏರಿದ ಬಡಿತವಾದರೆ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ.

◆ ಎಸ್‌ವಿಟಿ ಇದ್ದವರನ್ನು, ಅದರಲ್ಲೂ ಹೆಂಗಸರನ್ನು, ‘ಬರೀ ಗಾಬರಿ’ ಎಂದು ಮನೆಗೆ ಕಳಿಸುವುದು ನಮ್ಮೂರಿನ ಕಥೆ ಮಾತ್ರ ಅಲ್ಲ. 1997ರಲ್ಲಿ ಅಮೆರಿಕದಲ್ಲಿ ಇಂಥ 107 ರೋಗಿಗಳ ಹಿನ್ನೆಲೆ ಕೆದಕಿ ನೋಡಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಮೊದಲ ತಪಾಸಣೆಯಲ್ಲಿ ಕಾಯಿಲೆ ಸಿಕ್ಕಿರಲೇ ಇಲ್ಲ. ಆತಂಕ, ಒತ್ತಡ ಎಂಬ ಹಣೆಪಟ್ಟಿ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು ಅಂಟಿತ್ತು. ಮನೆಯಲ್ಲಿ ಅತ್ತಿಗೆಯೋ ಸೊಸೆಯೋ ‘ಎದೆ ಹೊಡ್ಕೊಳ್ತದೆ’ ಅಂದರೆ ದಯವಿಟ್ಟು ನಂಬಿ. ಕೈ ಹಿಡಿದು ನಾಡಿ ಎಣಿಸಿ.

◆ ಹೃದಯದ ಅಡ್ಡದಾರಿ ಕಡಿಯುವ ಮೊದಲ ಯಶಸ್ವಿ ಪ್ರಯತ್ನ ನಡೆದದ್ದು 1968ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ರೋಗಿ ನಾರ್ತ್ ಕೆರೊಲಿನಾದ ಒಬ್ಬ ಮೀನುಗಾರ, ಶಸ್ತ್ರವೈದ್ಯರು ವಿಲ್ ಸೀಲಿ. ಆಗ ಎದೆ ತೆರೆಯದೆ ಬೇರೆ ದಾರಿಯೇ ಇರಲಿಲ್ಲ. 1981ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಮೆಲ್ವಿನ್ ಶೈನ್‌ಮನ್ ಮೊದಲ ಬಾರಿಗೆ ಕ್ಯಾಥೆಟರ್ ಎಂಬ ತೆಳು ತಂತಿಯ ಮೂಲಕ ಎವಿ ನೋಡ್‌ನ ದಾರಿಯನ್ನು ಕಡಿದರು. ಅದಕ್ಕೆ ಬಳಸಿದ್ದು ಭಾರಿ ವಿದ್ಯುತ್ ಶಾಕ್. ರೋಗಿಗೆ ಪೂರ್ತಿ ಮಂಪರು ಬೇಕಿತ್ತು.

◆ ಬಿಸಿ ಹಳೆಯದು, ಹಿಮ ಹೊಸದು ಎಂದುಕೊಂಡಿದ್ದೀರಾ? ಉಲ್ಟಾ. 1977ರ ಹೊತ್ತಿಗೇ ಡ್ಯೂಕ್‌ನ ಶಸ್ತ್ರವೈದ್ಯರು ತೆರೆದ ಹೃದಯದಲ್ಲಿ ಎವಿ ನೋಡ್ ಅನ್ನು ಹೆಪ್ಪುಗಟ್ಟಿಸಿದ್ದರು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರೂ ಆರ್‌ಎಫ್ ಎನ್ನುವ ರೇಡಿಯೊ ತರಂಗದ ಬಿಸಿ ಕ್ಯಾಥೆಟರ್‌ಗೆ ಬಂದದ್ದು 1980ರ ದಶಕದ ನಡುವೆ. 1991ರಲ್ಲಿ ಒಕ್ಲಹೋಮದ ವಾರೆನ್ ಜಾಕ್‌ಮನ್ ತಂಡ 166 ರೋಗಿಗಳಲ್ಲಿ ನೂರಕ್ಕೆ 99 ಯಶಸ್ಸು ತೋರಿಸಿದ ಮೇಲೆ, ಈ ಕಾಯಿಲೆಗೆ ಎದೆ ಕೊಯ್ಯುವ ಅಗತ್ಯವೇ ಬಹುಪಾಲು ಮುಗಿದುಹೋಯಿತು.

◆ ಬಿಸಿ ಎಷ್ಟು ಬೇಕು? ಹೃದಯದ ಜೀವಕೋಶ ಸುಮಾರು 50 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮತ್ತೆ ಎದ್ದೇಳುವುದಿಲ್ಲ. 100 ಡಿಗ್ರಿ ಮುಟ್ಟಿದರೆ ಒಳಗಿನ ನೀರು ಕುದಿದು ಆವಿಯಾಗಿ ‘ಟಪ್’ ಎಂದು ಸಿಡಿಯಬಹುದು, ತುದಿಯಲ್ಲಿ ಕರಿ ಕಟ್ಟಿ ರಕ್ತ ಹೆಪ್ಪಾಗಬಹುದು. ವೈದ್ಯರ ಕೆಲಸವೆಲ್ಲ ಈ ಎರಡು ಅಂಕಿಗಳ ನಡುವೆ. ಪಿರಿಯಾಪಟ್ಟಣ, ಹುಣಸೂರಿನ ಹೊಗೆಸೊಪ್ಪು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬ್ಯಾರನ್ ಒಳಗೆ ಕಾವು ಸಾಲದಿದ್ದರೆ ಸೊಪ್ಪು ಹದಕ್ಕೆ ಬರದು, ಮೀರಿದರೆ ಬಣ್ಣ ಕೆಟ್ಟು ಹರಾಜಿನಲ್ಲಿ ದರ ಬೀಳುತ್ತದೆ. ಅದಕ್ಕಾಗಿಯೇ ಹೃದಯ ಸುಡುವ ಎಷ್ಟೋ ಕ್ಯಾಥೆಟರ್‌ಗಳ ತುದಿಯಲ್ಲಿ ಸಣ್ಣ ತೂತುಗಳಿರುತ್ತವೆ. ಸುಡುವಷ್ಟು ಹೊತ್ತೂ ಅವುಗಳಿಂದ ಸಲೈನ್ ಹರಿದು ತುದಿಯನ್ನು ತಂಪಾಗಿಡುತ್ತದೆ.

◆ ಆರ್‌ಎಫ್ ಕ್ಯಾಥೆಟರ್‌ನ ದಪ್ಪ ಬರೀ 2.3 ಮಿಲಿಮೀಟರ್ ಆಸುಪಾಸು, ಸುಡುವ ತುದಿಯ ಉದ್ದ ಸಾಮಾನ್ಯವಾಗಿ 4 ಮಿಲಿಮೀಟರ್. ಒಂದು ಕಡೆ ಸುಡಲು ಒಂದು ನಿಮಿಷ ಸಾಕು. ಹೊತ್ತು ಹೋಗುವುದು ಆ ಕಡೆಯನ್ನು ಹುಡುಕುವುದರಲ್ಲಿ. ಆ ಹುಡುಕಾಟಕ್ಕೇ ಇಪಿ ಸ್ಟಡಿ ಎನ್ನುತ್ತಾರೆ.

◆ ಹಿಮ ಬರುವುದು ಎಲ್ಲಿಂದ? ನೈಟ್ರಸ್ ಆಕ್ಸೈಡ್‌ನಿಂದ. ಹೌದು, ಹಲ್ಲಿನ ಡಾಕ್ಟರರು, ಅರಿವಳಿಕೆ ತಜ್ಞರು ನೂರೈವತ್ತು ವರ್ಷಕ್ಕೂ ಮೇಲ್ಪಟ್ಟು ಬಳಸಿಕೊಂಡು ಬಂದ ಅದೇ ನಗೆ ಅನಿಲ. ಅದರ ಕುದಿಬಿಂದು ಮೈನಸ್ 88 ಡಿಗ್ರಿ. ಒತ್ತಡದಲ್ಲಿ ದ್ರವವಾಗಿರುವ ಅದು ಕ್ಯಾಥೆಟರ್ ತುದಿ ತಲುಪಿ ಅನಿಲವಾಗುವಾಗ ಸುತ್ತಲಿನ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ರಕ್ತಕ್ಕೆ ಒಂದು ಹನಿಯೂ ಸೇರುವುದಿಲ್ಲ. ಬಂದ ದಾರಿಯಲ್ಲೇ ಹೀರಿ ಹೊರಗೆ ತೆಗೆಯುತ್ತಾರೆ.

◆ ಹಿಮದ ದೊಡ್ಡ ಗುಣ ಯಾವುದು ಗೊತ್ತೇ? ತಪ್ಪಾದರೆ ವಾಪಸ್ ಬರಬಹುದು. ಮೊದಲು ಮೈನಸ್ 30 ಡಿಗ್ರಿಯಷ್ಟು ತಣ್ಣಗೆ ಮಾಡಿದರೆ ಆ ಭಾಗ ಮಂಕಾಗಿ ನಿಲ್ಲುತ್ತದೆ, ಸಾಯುವುದಿಲ್ಲ. ಅಡ್ಡದಾರಿ ಮುಚ್ಚಿತೇ, ಸರಿದಾರಿ ಕ್ಷೇಮವೇ ಎಂದು ವೈದ್ಯರು ಪರದೆಯಲ್ಲಿ ನೋಡುತ್ತಾರೆ. ಸರಿಯಿಲ್ಲ ಅನಿಸಿದರೆ ಅನಿಲ ನಿಲ್ಲಿಸುತ್ತಾರೆ, ಬೆಚ್ಚಗಾಗುತ್ತಲೇ ಎಲ್ಲವೂ ಮೊದಲಿನಂತೆ. ಸರಿಯಿದ್ದರೆ ಮಾತ್ರ ಮೈನಸ್ 75–80ಕ್ಕೆ ಇಳಿಸಿ ನಾಲ್ಕು ನಿಮಿಷ ಹಿಡಿಯುತ್ತಾರೆ. ಇನ್ನೊಂದು ಅನುಕೂಲ: ಹೆಪ್ಪುಗಟ್ಟಿದ ತುದಿ ಹೃದಯದ ಗೋಡೆಗೆ ಗಟ್ಟಿಯಾಗಿ ಅಂಟಿಕೊಳ್ಳುವುದರಿಂದ, ಹೃದಯ ಎಷ್ಟು ಜಗ್ಗಾಡಿದರೂ ಜಾರುವುದಿಲ್ಲ.

◆ ಹಾಗಾದರೆ ಎಲ್ಲರಿಗೂ ಹಿಮವನ್ನೇ ಕೊಡಬಾರದೇ? ಇಲ್ಲಿದೆ ಲೆಕ್ಕ. ಎಸ್‌ವಿಟಿಗಳಲ್ಲಿ ಅತಿ ಸಾಮಾನ್ಯವಾದ ಎವಿಎನ್‌ಆರ್‌ಟಿಯ ಅಡ್ಡದಾರಿ, ಆ ಒಂದೇ ಬಾಗಿಲಾದ ಎವಿ ನೋಡ್‌ನ ಪಕ್ಕದಲ್ಲೇ, ಮಿಲಿಮೀಟರ್‌ಗಳ ಅಂತರದಲ್ಲಿರುತ್ತದೆ. ಬಿಸಿ ಅತ್ತ ಸೋಕಿ ಬಾಗಿಲು ಸುಟ್ಟರೆ ರೋಗಿಗೆ ಜೀವನವಿಡೀ ಪೇಸ್‌ಮೇಕರ್. 2010ರಲ್ಲಿ ಪ್ರಕಟವಾದ ‘ಸಿರಾನೊ’ ಅಧ್ಯಯನ 509 ರೋಗಿಗಳಲ್ಲಿ ಎರಡನ್ನೂ ಹೋಲಿಸಿತು. ಬಿಸಿಯ ಗುಂಪಿನಲ್ಲಿ ಒಬ್ಬರಿಗೆ ಬಾಗಿಲು ಕಾಯಂ ಮುಚ್ಚಿತು, ಹಿಮದ ಗುಂಪಿನಲ್ಲಿ ಯಾರಿಗೂ ಇಲ್ಲ. ಆದರೆ ಆರು ತಿಂಗಳಲ್ಲಿ ಕಾಯಿಲೆ ಮರುಕಳಿಸಿದ್ದು ಬಿಸಿಯಲ್ಲಿ ನೂರಕ್ಕೆ 4.4, ಹಿಮದಲ್ಲಿ 9.4. ಅಂದರೆ ಹಿಮದಲ್ಲಿ ಅಪಾಯ ಕಡಿಮೆ, ಮತ್ತೆ ಬರಬೇಕಾದವರು ದುಪ್ಪಟ್ಟು. ಚಿಕ್ಕ ಮಕ್ಕಳಿಗೆ ಎಷ್ಟೋ ಕಡೆ ಹಿಮವನ್ನೇ ಆರಿಸುತ್ತಾರೆ. ಏಳೆಂಟು ವರ್ಷದ ಮಗುವಿಗೆ ಪೇಸ್‌ಮೇಕರ್ ಹಾಕುವ ಪ್ರಸಂಗ ಬರುವುದಕ್ಕಿಂತ ಇನ್ನೊಮ್ಮೆ ಬಂದು ಮಾಡಿಸುವುದೇ ಲೇಸು ಎಂಬುದು ಅವರ ವಾದ. ನನಗೂ ಅದು ಒಪ್ಪಿಗೆ. ದೊಡ್ಡವರ ವಿಷಯದಲ್ಲಿ, ಕೈ ಪಳಗಿದ ವೈದ್ಯರಿದ್ದರೆ, ಬಿಸಿಯ ಪರ ನಿಲ್ಲುವುದೂ ಅಷ್ಟೇ ಸರಿ: ಕೂಲಿ ಬಿಟ್ಟು ಮೈಸೂರಿಗೋ ಬೆಂಗಳೂರಿಗೋ ಎರಡನೇ ಸಲ ಹೋಗುವುದು ಸಣ್ಣ ಮಾತಲ್ಲ.

◆ ವಯಸ್ಸಾದವರನ್ನು ಕಾಡುವುದು ಬೇರೆ ಕಾಯಿಲೆ: ಏಟ್ರಿಯಲ್ ಫಿಬ್ರಿಲೇಶನ್, ಆಸ್ಪತ್ರೆಯ ಮಾತಿನಲ್ಲಿ ‘ಎಎಫ್’. ಇಲ್ಲಿ ನಾಡಿ ಬರೀ ಜೋರಾಗುವುದಲ್ಲ, ಒಂದು ಬಡಿತಕ್ಕೂ ಮುಂದಿನದಕ್ಕೂ ಲೆಕ್ಕವೇ ಸಿಗುವುದಿಲ್ಲ. ಮೇಲಿನ ಕೋಣೆ ಹಿಂಡುವ ಬದಲು ಅದುರುತ್ತದೆ, ರಕ್ತ ನಿಂತು ಹೆಪ್ಪಾಗುತ್ತದೆ, ಆ ಹೆಪ್ಪು ಮಿದುಳಿಗೆ ಹಾರಿದರೆ ಲಕ್ವ. ಎಎಫ್ ಇದ್ದವರಿಗೆ ಲಕ್ವದ ಅಪಾಯ ಸುಮಾರು ಐದು ಪಟ್ಟು.

◆ ಎಎಫ್‌ನ ಕಿಡಿ ಹೊರಡುವುದು ಬಹುತೇಕ ಹೃದಯದಿಂದಲ್ಲ, ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಲ್ಕು ರಕ್ತನಾಳಗಳ ಬಾಯಿಂದ! 1998ರಲ್ಲಿ ಫ್ರಾನ್ಸ್‌ನ ಬೋರ್ಡೊ ನಗರದ ಮಿಷೆಲ್ ಐಸಗೇರ್ ತಂಡ 45 ರೋಗಿಗಳಲ್ಲಿ ಇದನ್ನು ಕಂಡುಹಿಡಿಯಿತು. ಕಿಡಿಗಳಲ್ಲಿ ನೂರಕ್ಕೆ 94 ಅಲ್ಲಿಯೇ ಇದ್ದವು. ಆ ನಾಲ್ಕೂ ಬಾಯಿಗಳ ಸುತ್ತ ಬೇಲಿ ಹಾಕಿದರೆ ಕಿಡಿ ಹೃದಯದೊಳಕ್ಕೆ ಹಾರುವುದಿಲ್ಲ. ಆರ್‌ಎಫ್‌ನಲ್ಲಿ ಈ ಬೇಲಿಯನ್ನು ಚುಕ್ಕಿ ಚುಕ್ಕಿಯಾಗಿ ಸುಟ್ಟು ಕೂಡಿಸಬೇಕು. ಕ್ರಯೋ ಎನ್ನುವ ಹಿಮದ ವಿಧಾನದಲ್ಲಿ 28 ಮಿಲಿಮೀಟರ್ ಅಗಲದ ಬಲೂನೊಂದನ್ನು ಬಾಯಿಗೆ ಒತ್ತಿ ಮೂರು–ನಾಲ್ಕು ನಿಮಿಷ ಹಿಮ ಹಿಡಿಸಿದರೆ ಇಡೀ ಸುತ್ತು ಒಮ್ಮೆಗೇ ಆಗುತ್ತದೆ. ಈ ಬಲೂನಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟಿದ್ದು 2010ರ ಡಿಸೆಂಬರ್‌ನಲ್ಲಿ.

◆ ಬಲೂನ್ ಹಿಮ ಹಿಡಿಯುವಾಗ ಒಬ್ಬರು ರೋಗಿಯ ಹೊಟ್ಟೆಯ ಮೇಲೆ ಕೈ ಇಟ್ಟು ನಿಲ್ಲುತ್ತಾರೆ. ಯಾಕೆ? ಬಲಗಡೆಯ ರಕ್ತನಾಳಗಳ ಪಕ್ಕದಲ್ಲೇ ಫ್ರೆನಿಕ್ ನರ ಹಾದುಹೋಗುತ್ತದೆ. ಉಸಿರಾಟದ ವಪೆಯನ್ನು ಆಡಿಸುವುದು ಅದೇ ನರ. ಅದಕ್ಕೆ ಇನ್ನೊಂದು ತಂತಿಯಿಂದ ಸಣ್ಣ ಸಣ್ಣ ವಿದ್ಯುತ್ ಮಿಡಿತ ಕೊಡುತ್ತಾ ಇರುತ್ತಾರೆ, ಪ್ರತಿ ಮಿಡಿತಕ್ಕೂ ವಪೆ ಬಿಕ್ಕಳಿಕೆಯಂತೆ ಒದೆಯುತ್ತದೆ. ಅಂಗೈಗೆ ಆ ಒದೆತ ಸಿಗುತ್ತಿರುವವರೆಗೂ ಕ್ಷೇಮ. ಒದೆತ ಸ್ವಲ್ಪ ಸಡಿಲವಾಯಿತು ಅನಿಸಿದರೆ ಕೂಗು ಹಾಕುತ್ತಾರೆ, ಆ ಕ್ಷಣವೇ ಹಿಮ ನಿಲ್ಲಿಸುತ್ತಾರೆ. ಕೋಟಿ ಬೆಲೆಯ ಯಂತ್ರಗಳ ನಡುವೆ ಈ ಕೆಲಸಕ್ಕೆ ಇಂದಿಗೂ ಕೈಯನ್ನೇ ನಂಬುತ್ತಾರೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

◆ ಎಎಫ್‌ಗೆ ಬಿಸಿ ಮೇಲೋ ಹಿಮ ಮೇಲೋ ಎಂಬ ಜಗಳಕ್ಕೆ 2016ರಲ್ಲಿ ಉತ್ತರ ಬಂತು. ಅಧ್ಯಯನದ ಹೆಸರೇ ‘ಫೈರ್ ಆ್ಯಂಡ್ ಐಸ್’. ಯುರೋಪಿನ 8 ದೇಶಗಳು, 762 ರೋಗಿಗಳು, ಮುಂದಾಳು ಜರ್ಮನಿಯ ಹ್ಯಾಂಬರ್ಗ್‌ನ ಕಾರ್ಲ್ ಹೈಂಟ್ಸ್ ಕುಕ್. ಒಂದು ವರ್ಷದಲ್ಲಿ ಕಾಯಿಲೆ ಮರಳಿದ್ದು ಅಥವಾ ಮತ್ತೆ ಚಿಕಿತ್ಸೆ ಬೇಕಾದದ್ದು ಹಿಮದಲ್ಲಿ ನೂರಕ್ಕೆ 34.6, ಬಿಸಿಯಲ್ಲಿ 35.9. ಎರಡೂ ಸಮ! ಫ್ರೆನಿಕ್ ನರಕ್ಕೆ ಪೆಟ್ಟು ಬಿದ್ದದ್ದು ಹಿಮದಲ್ಲಿ ನೂರಕ್ಕೆ 2.7, ಬಿಸಿಯಲ್ಲಿ ಸೊನ್ನೆ. ಹಿಮದ ಕೆಲಸ ಸರಾಸರಿ 124 ನಿಮಿಷಕ್ಕೆ ಮುಗಿದರೆ ಬಿಸಿಯದು 141 ನಿಮಿಷ. ಆದರೆ ಎಕ್ಸ್‌ರೇ ಕಿರಣ ಹಿಮದಲ್ಲಿ ತುಸು ಹೆಚ್ಚು. ಈ ಅಂಕಿಗಳಲ್ಲಿ ನಾನು ಎತ್ತಿ ತೋರಿಸುವುದು ಒಂದನ್ನೇ: ಯಾವುದನ್ನೇ ಮಾಡಿಸಿದರೂ ಮೂವರಲ್ಲಿ ಒಬ್ಬರಿಗೆ ಒಂದು ವರ್ಷದೊಳಗೆ ತೊಂದರೆ ಮರಳಿದೆ. ‘ಒಂದೇ ಸಲಕ್ಕೆ ಗ್ಯಾರಂಟಿ’ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ನೆನಪಿಸಿಕೊಳ್ಳಿ. ಎಸ್‌ವಿಟಿಯ ಯಶಸ್ಸೇ ಬೇರೆ, ಎಎಫ್‌ನ ಯಶಸ್ಸೇ ಬೇರೆ.

◆ ಎಎಫ್‌ಗೆ ಅಬ್ಲೇಶನ್ ಮಾಡಿಸಿದ ಮೊದಲ ಎರಡು ಮೂರು ತಿಂಗಳು ಎದೆ ಮತ್ತೆ ಹೊಡೆದುಕೊಂಡರೆ ಸೋತೆವು ಎಂದುಕೊಳ್ಳಬೇಡಿ. ಗಾಯ ಮಾಯುವ ಕಾಲವದು. ಆ ಅವಧಿಯನ್ನು ಡಾಕ್ಟರರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಕ್ತ ತೆಳುಮಾಡುವ ಮಾತ್ರೆಯನ್ನು ಮಾತ್ರ ಯಾರ ಮಾತು ಕೇಳಿಯೂ ನೀವಾಗಿ ಬಿಡಬೇಡಿ.

◆ ಬಿಸಿಯೂ ಬೇಡ, ಹಿಮವೂ ಬೇಡ ಎನ್ನುವ ಮೂರನೆಯದೂ ಬಂದಿದೆ: ಪಲ್ಸ್ಡ್ ಫೀಲ್ಡ್. ಸೆಕೆಂಡಿನ ಲಕ್ಷದ ಭಾಗಗಳಲ್ಲಿ ಎಣಿಸುವಷ್ಟು ಚಿಕ್ಕದಾದ, ಭಾರಿ ವೋಲ್ಟೇಜಿನ ಮಿಡಿತಗಳು ಜೀವಕೋಶದ ಪೊರೆಯಲ್ಲಿ ತೂತು ಕೊರೆಯುತ್ತವೆ. ಹೃದಯದ ಕೋಶ ಅದಕ್ಕೆ ಬೇಗ ಸೋಲುತ್ತದೆ. ಪಕ್ಕದ ಅನ್ನನಾಳ, ನರಗಳು ತಡೆದುಕೊಳ್ಳುತ್ತವೆ. ಅಮೆರಿಕದಲ್ಲಿ ಮೊದಲ ಅನುಮತಿ 2023ರ ಡಿಸೆಂಬರ್‌ನಲ್ಲಿ. 2025ರಲ್ಲಿ ಸ್ವಿಟ್ಜರ್ಲೆಂಡಿನ 210 ರೋಗಿಗಳ ಅಧ್ಯಯನವೊಂದು ಇದನ್ನು ಹಿಮದ ಬಲೂನಿನ ಎದುರು ನಿಲ್ಲಿಸಿದಾಗ ಮರುಕಳಿಸಿದವರು ಇದರಲ್ಲೇ ಕಡಿಮೆ.

◆ ಇಷ್ಟೆಲ್ಲ ಅಧ್ಯಯನಗಳಲ್ಲಿ ನಮ್ಮ ಕಡೆಯ ಒಂದು ದೊಡ್ಡ ಗುಂಪು ಇಲ್ಲವೇ ಇಲ್ಲ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವು ಬಂದು ಅದು ಹೃದಯದ ಕವಾಟಕ್ಕೆ ಇಳಿದವರು. ಮೂವತ್ತು ನಲವತ್ತರ ಹೆಂಗಸರಿಗೆ ಎಎಫ್ ಬಂದರೆ ಮೊದಲು ಎಕೋ ಮಾಡಿ ಮೈಟ್ರಲ್ ಕವಾಟ ಕಿರಿದಾಗಿದೆಯೇ ನೋಡಬೇಕು. ಕವಾಟ ತೀರಾ ಕಿರಿದಾಗಿದ್ದರೆ ಮೊದಲ ಮದ್ದು ಬಿಸಿಯೂ ಅಲ್ಲ, ಹಿಮವೂ ಅಲ್ಲ. ಬಲೂನಿನಿಂದ ಕವಾಟ ಅಗಲಿಸುವುದು. ಈ ಕೆಲಸದಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಮತ್ತು ಅದರ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅವರದು ದೇಶಕ್ಕೇ ಗೊತ್ತಿರುವ ಹೆಸರು. ಇಂಥವರ ರಕ್ತ ತೆಳುಮಾಡಲು ಹೊಸ ದುಬಾರಿ ಮಾತ್ರೆಗಿಂತ ಹಳೆಯ ವಾರ್ಫರಿನ್ ಬಗೆಯ ಮಾತ್ರೆಯೇ ಮೇಲು ಎಂದು 2022ರಲ್ಲಿ ‘ಇನ್ವಿಕ್ಟಸ್’ ಅಧ್ಯಯನ ತೋರಿಸಿತು. 4500ಕ್ಕೂ ಹೆಚ್ಚು ರೋಗಿಗಳಿದ್ದ ಅದರಲ್ಲಿ ಭಾರತದವರೂ ಇದ್ದರು.

◆ ಹಸಿ ಹೊಗೆಸೊಪ್ಪು ಮುರಿಯುವವರಿಗೂ ಎದೆಬಡಿತ ಏರುಪೇರಾಗಬಹುದು. ಇಬ್ಬನಿಯಲ್ಲೋ ಮಳೆಯಲ್ಲೋ ನೆಂದ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ವಾಂತಿ, ತಲೆಸುತ್ತು ಜೊತೆಗಿರುತ್ತದೆ. ಇದಕ್ಕೆ ಅಬ್ಲೇಶನ್ ಬೇಡ. ಕೈಗವಸು, ಒಣ ಬಟ್ಟೆ, ಸೋಪು ನೀರು ಬೇಕು. ಥೈರಾಯ್ಡ್ ಹೆಚ್ಚಿದ್ದರೂ ಎಎಫ್ ಬರುತ್ತದೆ, ಅದನ್ನೂ ಮೊದಲೇ ನೋಡಿಸಬೇಕು.

◆ 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳಿಗೆ ಹೆದರಿ ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲು ನಿಂತಿದ್ದು ನೆನಪಿದೆಯೇ? ಆ ಸಾಲಿನಲ್ಲಿ ಎಸ್‌ವಿಟಿ ಇದ್ದವರು ನಿಂತಿದ್ದರೂ ಇಸಿಜಿ ‘ನಾರ್ಮಲ್’ ಎಂದೇ ಬಂದಿರಬಹುದು. ಯಾಕೆಂದರೆ ಬಡಿತ ಇಳಿದ ಮೇಲೆ ಬಹಳ ಮಂದಿಯ ಇಸಿಜಿಯಲ್ಲಿ ಕಾಯಿಲೆಯ ಗುರುತೇ ಉಳಿಯುವುದಿಲ್ಲ. ಎದೆ ಹೊಡೆದುಕೊಳ್ಳುತ್ತಿರುವಾಗಲೇ ತೆಗೆದ ಇಸಿಜಿಯ ಬೆಲೆಯೇ ಬೇರೆ. ಬಿಸಿಯೋ ಹಿಮವೋ ಎಂಬ ಪ್ರಶ್ನೆ ಏಳುವುದೇ ಆ ಚೀಟಿ ಕೈಗೆ ಸಿಕ್ಕ ಮೇಲೆ.

◆ ಆದ್ದರಿಂದ ಎದೆ ಹೊಡೆದುಕೊಳ್ಳಲು ತೊಡಗಿದಾಗ ಮೈಸೂರಿನ ಬಸ್ಸು ಕಾಯಬೇಡಿ. ಎಚ್.ಡಿ. ಕೋಟೆಯ ಕಾಡಂಚಿನ ಡಿ.ಬಿ. ಕುಪ್ಪೆಯಂಥ ಊರಿಂದ ಹೊರಟರೆ ಜಿಲ್ಲಾ ಕೇಂದ್ರ ಮುಟ್ಟುವಷ್ಟರಲ್ಲಿ ಬಡಿತ ಇಳಿದು ಪುರಾವೆ ಕಳೆದಿರುತ್ತದೆ. ಇಸಿಜಿ ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆಗೋ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯಂಥ ಕಡೆಗೋ ಹೋಗಿ ‘ಈಗಲೇ ಇಸಿಜಿ ತೆಗೀರಿ’ ಎಂದು ಕೇಳಿ. ಎದೆನೋವು, ಉಸಿರುಕಟ್ಟು, ಎಚ್ಚರ ತಪ್ಪುವಿಕೆ ಇದ್ದರೆ 108ಕ್ಕೆ ಫೋನ್ ಮಾಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳುವ ವ್ಯವಸ್ಥೆ ಬಂದಿದೆ. ಅದಕ್ಕೂ ಮೊದಲೇ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ನೋಡಿ ಸಲಹೆ ಕೊಡುವ ಕೆಲಸ ಶುರುಮಾಡಿದ್ದರು.

◆ ಆ ಇಸಿಜಿ ಚೀಟಿಯನ್ನು ಲ್ಯಾಮಿನೇಶನ್ ಮಾಡಿಸಬೇಡಿ! ಬಹುಪಾಲು ಇಸಿಜಿ ಹಾಳೆ ಶಾಖಕ್ಕೆ ಕಪ್ಪಾಗುವ ಕಾಗದ. ಲ್ಯಾಮಿನೇಶನ್ ಯಂತ್ರದೊಳಗೆ ಹೋದರೆ ಇಡೀ ಹಾಳೆ ಕಪ್ಪಾಗಿ ಗೆರೆಯೇ ಕಾಣದು. ಬಿಸಿಲಿಗೆ ಬಿದ್ದರೆ, ಪ್ಲಾಸ್ಟಿಕ್ ಕವರಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಮಾಸಿಹೋಗುತ್ತದೆ. ತೆಗೆದ ದಿನವೇ ಮೊಬೈಲಿನಲ್ಲಿ ನೆಟ್ಟಗೆ, ನೆರಳು ಬೀಳದಂತೆ ಫೋಟೊ ಹಿಡಿಯಿರಿ, ಎರಡು ಜೆರಾಕ್ಸ್ ಮಾಡಿಸಿ, ತಾರೀಕು, ಹೊತ್ತು ಬರೆದಿಡಿ. ಜಯದೇವದ ಒಪಿಡಿಯಲ್ಲಿ ನೀವು ಅರ್ಧ ಗಂಟೆ ವಿವರಿಸುವುದನ್ನು ಆ ಒಂದು ಹಾಳೆ ಅರೆ ನಿಮಿಷದಲ್ಲಿ ಹೇಳುತ್ತದೆ. ನಾಲ್ಕೂ ತಾಲೂಕುಗಳ ಓದುಗರು ಈ ಅಂಕಣದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬಾರದು.

◆ ಎಸ್‌ವಿಟಿಯನ್ನು ಎಷ್ಟೋ ಸಲ ಒಂದು ಖಾಲಿ ಸಿರಿಂಜ್ ನಿಲ್ಲಿಸುತ್ತದೆ! ಅರೆ ಒರಗಿ ಕೂತು, 10 ಎಂಎಲ್ ಸಿರಿಂಜಿನ ಬಾಯಿಗೆ ತುಟಿ ಹಚ್ಚಿ ಒಳಗಿನ ದಂಡ ಸರಿಯುವಷ್ಟು ಬಲವಾಗಿ 15 ಸೆಕೆಂಡು ಊದಬೇಕು; ಕೂಡಲೇ ಅಂಗಾತ ಮಲಗಿಸಿ ಕಾಲುಗಳನ್ನು 45 ಡಿಗ್ರಿ ಎತ್ತಿ 15 ಸೆಕೆಂಡು ಹಿಡಿಯಬೇಕು. 2015ರಲ್ಲಿ ಇಂಗ್ಲೆಂಡಿನ ‘ರಿವರ್ಟ್’ ಅಧ್ಯಯನದಲ್ಲಿ ಹೀಗೆ ಮಾಡಿದ ನೂರಕ್ಕೆ 43 ಮಂದಿಯ ಬಡಿತ ಸರಿಹೋಯಿತು. ಕಾಲೆತ್ತದೆ ಬರೀ ಊದಿದವರಲ್ಲಿ 17. ಮೊದಲ ಸಲವಾದರೆ ಆಸ್ಪತ್ರೆಯಲ್ಲಿ, ಇಸಿಜಿ ತೆಗೆದ ಮೇಲೆಯೇ ಇದನ್ನು ಮಾಡಬೇಕು.

◆ ಖರ್ಚು? ಇಪಿ ಸ್ಟಡಿ ಮತ್ತು ಆರ್‌ಎಫ್ ಅಬ್ಲೇಶನ್ ಆಯುಷ್ಮಾನ್ ಚಿಕಿತ್ಸೆಗಳ ಪಟ್ಟಿಯಲ್ಲಿವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ಆಧಾರ್, ರೇಷನ್ ಕಾರ್ಡ್ ಇಟ್ಟುಕೊಂಡೇ ಹೊರಡಿ. ಹಿಮದ ಬಲೂನ್ ಒಬ್ಬರಿಗೆ ಒಂದೇ ಸಲ ಬಳಸುವ ಸಾಮಗ್ರಿ, ದುಬಾರಿ. ಅದನ್ನು ಸೂಚಿಸಿದರೆ ಯೋಜನೆಗೆ ಒಳಪಡುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ.

◆ ಅಬ್ಲೇಶನ್ ಆದವರು ಕೆಲವು ಗಂಟೆ ಕಾಲು ಮಡಿಸದೆ ಮಲಗಿದ್ದು, ಹೆಚ್ಚಿನವರು ಮಾರನೆಯ ದಿನವೇ ಮನೆಗೆ ಹೋಗುತ್ತಾರೆ. ಎಎಫ್‌ಗೆ ಮಾಡಿಸಿದವರು ಮಾತ್ರ ಒಂದು ವಿಷಯ ಮನೆಯವರಿಗೆಲ್ಲ ಹೇಳಿಡಬೇಕು. ಅನ್ನನಾಳ ಹೃದಯದ ಮೇಲಿನ ಎಡ ಕೋಣೆಗೆ ಹಿಂದಿನಿಂದ ಅಂಟಿಕೊಂಡಂತೇ ಇರುತ್ತದೆ. ತೀರಾ ಅಪರೂಪಕ್ಕೆ ಬಿಸಿಯೋ ಹಿಮವೋ ಅದಕ್ಕೂ ತಗುಲಿ, ಕೆಲವು ವಾರಗಳ ನಂತರ ಎರಡರ ನಡುವೆ ತೂತು ಬೀಳಬಹುದು. ಎರಡು ತಿಂಗಳೊಳಗೆ ಜ್ವರ, ನುಂಗುವಾಗ ನೋವು, ಎದೆನೋವು, ಕೈಕಾಲು ಸೋಲುವುದು ಕಂಡರೆ ಊರಿನ ಕ್ಲಿನಿಕ್ಕಿನಲ್ಲಿ ಜ್ವರದ ಇಂಜೆಕ್ಷನ್ ಹಾಕಿಸಿಕೊಂಡು ಸುಮ್ಮನಾಗಬೇಡಿ, ಎಂಡೋಸ್ಕೋಪಿಗೂ ಒಪ್ಪಬೇಡಿ. ಒಳಗೆ ಗಾಳಿ ತುಂಬುವ ಆ ಪರೀಕ್ಷೆಯೇ ಇಲ್ಲಿ ಪ್ರಾಣಕ್ಕೆ ಎರವಾಗಬಹುದು. ಬೇಕಾದದ್ದು ಎದೆಯ ಸಿಟಿ ಸ್ಕ್ಯಾನ್. ಅಬ್ಲೇಶನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ, ಡಿಸ್ಚಾರ್ಜ್ ಚೀಟಿ ಹಿಡಿದು ಆ ಹೊತ್ತಿಗೇ ಹೊರಡಿ.